ಕಾಣದ ಮಾಟಗಾತಿ, ಕಾಣೆಯಾದ ನಟರು: ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರವನ್ನು ನೋಡುಗರು ಎರಡಾಗಿ ಓದಿದ ಬಗೆ

(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತು. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಸರಿಯಾಗಿ ಕೇಳಿಸ್ತಾ ಉಂಟಲ್ಲ? ಇಲ್ಲಿ ಕಾಸರಗೋಡಿನಲ್ಲಿ ಜೋರು ಮಳೆ. ನಡುವೆ ಕರೆಂಟು ಹೋದರೆ ಎರಡು ನಿಮಿಷ ಕಾಯಬೇಕಾಗಿ ವಿನಂತಿ.

ಗುರುಗಳಿಗೆ ಮತ್ತು ಹೊಸೂರು, ಅಕ್ಕಲಕೋಟೆ, ರಾಯದುರ್ಗದ ಕಡೆಯಿಂದ ಸೇರಿಕೊಂಡಿರುವ ಗೆಳೆಯರಿಗೆ ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ನಾನು ಆರಿಸಿಕೊಂಡದ್ದು ಅಮೆರಿಕದ ಒಂದು ದೆವ್ವದ ಸಿನಿಮಾ. ಅದರಲ್ಲಿ ದೆವ್ವವೇ ಕಾಣುವುದಿಲ್ಲ. 1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಅಂತ ಅದರ ಹೆಸರು. ಕೆಲವರು ಅದನ್ನು ಭಯದ ಸಿನಿಮಾಗಳಲ್ಲೇ ದೊಡ್ಡದು ಎಂದರು, ಇನ್ನು ಕೆಲವರು ಟಿಕೆಟ್ ದುಡ್ಡು ವಾಪಸ್ ಕೊಡಿ ಎಂದರು. ಇಷ್ಟು ದೂರದ ಎರಡು ತೀರ್ಪುಗಳು ಒಂದೇ ಚಿತ್ರಕ್ಕೆ ಹೇಗೆ ಬಂದವು ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಹಾಸ್ಟೆಲಿನ ಕೋಣೆಯಲ್ಲಿ ಹುಟ್ಟಿದ್ದು. ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ನಾವು ಐದು ಜನ ಈ ಚಿತ್ರ ನೋಡಿದೆವು. ಮೂವರು ಮಲಯಾಳಿ ಗೆಳತಿಯರು ಮುಗಿದ ಕೂಡಲೇ ‘ಒನ್ನುಮಿಲ್ಲ’, ಅಂದರೆ ಇದರಲ್ಲಿ ಏನೂ ಇಲ್ಲ ಎಂದು ಎದ್ದುಹೋದರು. ಐದನೆಯವಳು ತಡವಾಗಿ ಬಂದಿದ್ದಳು. ಅವಳಿಗೆ ನಾನು ತಮಾಷೆಗೆ ‘ಇದು ನಿಜವಾದ ಕ್ಯಾಸೆಟ್, ಕಾಡಿನಲ್ಲಿ ಸಿಕ್ಕಿದ್ದು’ ಅಂತ ಹೇಳಿಬಿಟ್ಟಿದ್ದೆ. ಆ ರಾತ್ರಿ ಅವಳು ಲೈಟ್ ಆರಿಸಲಿಲ್ಲ. ಬೆಳಗ್ಗೆ ಕೇಳಿದ ಮೊದಲ ಪ್ರಶ್ನೆ, ‘ಆ ಹುಡುಗಿಯ ಮನೆಯವರು ಈಗ ಏನು ಮಾಡ್ತಾರೆ?’ ನಾನು ನಕ್ಕು, ಅವಳು ನಟಿ, ಬದುಕಿದ್ದಾಳೆ ಮಾರಾಯ್ತಿ ಎಂದೆ. ಅವಳು ನಗಲಿಲ್ಲ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಆಮೇಲೆ ಅವಳು ಕೊಟ್ಟ ತೀರ್ಪು, ‘ಕೆಟ್ಟ ಸಿನಿಮಾ’.

ನಿನ್ನೆ ರಾತ್ರಿ ಹೆದರಿಸಿದ ಚಿತ್ರವೇ ಬೆಳಗಾಗುವಾಗ ಕೆಟ್ಟದಾಯಿತು. ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅವಳಿಗೆ ಗೊತ್ತಿದ್ದ ವಿಷಯ. ನನ್ನ ಇಡೀ ಪ್ರಬಂಧ ಈ ಒಂದು ಅನುಭವದ ಸುತ್ತ ನಿಂತಿದೆ.

1. ಚಿತ್ರ ತಯಾರಾದ ಬಗೆ

ನೋಡದವರಿಗಾಗಿ ಕಥೆ ಎರಡು ಮಾತಿನಲ್ಲಿ. 1994ರ ಅಕ್ಟೋಬರಿನಲ್ಲಿ ಮೂವರು ಸಿನಿಮಾ ವಿದ್ಯಾರ್ಥಿಗಳು ಮೇರಿಲ್ಯಾಂಡ್ ರಾಜ್ಯದ ಬರ್ಕಿಟ್ಸ್‌ವಿಲ್ ಎಂಬ ಊರಿನ ಹತ್ತಿರದ ಕಾಡಿಗೆ ಹೋಗ್ತಾರೆ. ಅಲ್ಲಿನ ಮಾಟಗಾತಿಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವುದು ಅವರ ಉದ್ದೇಶ. ದಾರಿ ತಪ್ಪುತ್ತದೆ, ನಕಾಶೆ ಕಳೆಯುತ್ತದೆ, ರಾತ್ರಿ ಟೆಂಟಿನ ಹೊರಗೆ ಸದ್ದು ಕೇಳುತ್ತದೆ. ಅವರು ಹಿಂದಿರುಗುವುದಿಲ್ಲ. ಒಂದು ವರ್ಷದ ನಂತರ ಅವರ ಕ್ಯಾಮೆರಾದ ರೀಲುಗಳು ಸಿಕ್ಕಿದವು, ನೀವು ನೋಡುತ್ತಿರುವುದು ಅದನ್ನೇ ಎಂದು ಚಿತ್ರ ಶುರುವಿನಲ್ಲೇ ಹೇಳುತ್ತದೆ. ಹೀಗೆ ‘ಸಿಕ್ಕಿದ ದೃಶ್ಯ’ ಎಂಬ ನೆಪದಲ್ಲಿ ಕಟ್ಟುವ ಚಿತ್ರಗಳಿಗೆ ಫೌಂಡ್ ಫೂಟೇಜ್ ಎಂಬ ಹೆಸರು ಬಳಕೆಯಲ್ಲಿ ಉಂಟು.

ವಾಸ್ತವದಲ್ಲಿ ನಡೆದದ್ದು ಹೀಗೆ. ನಿರ್ದೇಶಕರು ಡೇನಿಯಲ್ ಮೈರಿಕ್ ಮತ್ತು ಎಡ್ವಾರ್ಡೊ ಸಾಂಚೆಸ್. ಇಬ್ಬರೂ ಆಗ ಹೆಸರಿಲ್ಲದ ಹುಡುಗರು. 1997ರ ಅಕ್ಟೋಬರಿನಲ್ಲಿ ಎಂಟು ದಿನಗಳ ಚಿತ್ರೀಕರಣ. ಶುರುವಿನ ಖರ್ಚು 35,000ದಿಂದ 60,000 ಡಾಲರಿನ ಒಳಗೆ ಎಂದು ಸಾಮಾನ್ಯವಾಗಿ ಲೆಕ್ಕ ಕೊಡ್ತಾರೆ. ಆಮೇಲೆ ಧ್ವನಿ, ಪ್ರಿಂಟು ಇತ್ಯಾದಿ ಸೇರಿ ಖರ್ಚು ಏರಿತು. ಹೆದರ್ ಡೊನಹ್ಯೂ, ಜೋಶುವಾ ಲಿಯೊನಾರ್ಡ್, ಮೈಕಲ್ ವಿಲಿಯಮ್ಸ್ ಎಂಬ ಮೂವರು ನಟರು ತಮ್ಮ ಸ್ವಂತ ಹೆಸರಿನಲ್ಲೇ ಪಾತ್ರ ಮಾಡಿದರು. ಕ್ಯಾಮೆರಾ ಹಿಡಿದವರೂ ಅವರೇ, ಒಂದು 16 ಎಂಎಂ ಕಪ್ಪುಬಿಳುಪು, ಇನ್ನೊಂದು ಬಣ್ಣದ ಹೈ-8 ವಿಡಿಯೋ. ಬರೆದಿಟ್ಟ ಸಂಭಾಷಣೆ ಇರಲಿಲ್ಲ. ಜಿಪಿಎಸ್ ಉಪಕರಣ ಹಿಡಿದು ಗೊತ್ತುಪಡಿಸಿದ ಜಾಗಕ್ಕೆ ನಡೆಯಬೇಕು, ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಚೀಟಿ ಇರುತ್ತದೆ, ಅದರ ಪ್ರಕಾರ ನಟಿಸಬೇಕು. ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿಲ್ಲ. ದಿನದಿಂದ ದಿನಕ್ಕೆ ಊಟ ಕಡಿಮೆ ಮಾಡಿದರು. ರಾತ್ರಿ ನಿರ್ದೇಶಕರ ತಂಡವೇ ಬಂದು ಮಕ್ಕಳ ದನಿ ಕೇಳಿಸಿ, ಟೆಂಟ್ ಅಲ್ಲಾಡಿಸಿ ಹೆದರಿಸಿತು. ಸುಮಾರು 20 ಗಂಟೆಯ ದೃಶ್ಯಗಳಿಂದ 81 ನಿಮಿಷದ ಚಿತ್ರ ಹೊರಬಂತು.

ಇದನ್ನೆಲ್ಲ ಯಾಕೆ ವಿವರವಾಗಿ ಹೇಳ್ತಾ ಇದ್ದೇನೆ ಅಂದರೆ, ತೆರೆಯ ಮೇಲೆ ಕಾಣುವ ದಣಿವು, ಜಗಳ, ಹಸಿವು ಅರ್ಧಕ್ಕರ್ಧ ನಿಜವಾದದ್ದು. ಇದಕ್ಕೆ ಮತ್ತೆ ಬರ್ತೇನೆ.

2. ಮಾರಿದ ಬಗೆ

1999ರ ಜನವರಿಯಲ್ಲಿ ಸಂಡಾನ್ಸ್ ಚಿತ್ರೋತ್ಸವದಲ್ಲಿ ಮಧ್ಯರಾತ್ರಿಯ ಪ್ರದರ್ಶನ ಆಯಿತು. ಆರ್ಟಿಸನ್ ಎಂಬ ವಿತರಣಾ ಸಂಸ್ಥೆ 11 ಲಕ್ಷ ಡಾಲರಿಗೆ ಚಿತ್ರವನ್ನು ಕೊಂಡಿತು. ಅದಕ್ಕೂ ಮೊದಲೇ ನಿರ್ದೇಶಕರ ಗುಂಪು ಒಂದು ಜಾಲತಾಣ ಮಾಡಿಟ್ಟಿತ್ತು. ಮಾಟಗಾತಿಯ ‘ಇತಿಹಾಸ’ದ ಇಸವಿಪಟ್ಟಿ, ಪೊಲೀಸರು ತೆಗೆದಂತೆ ಕಾಣುವ ಫೋಟೋಗಳು, ದಿನಚರಿಯ ಪುಟಗಳು ಎಲ್ಲವೂ ಅದರಲ್ಲಿದ್ದವು. ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರುಗಳನ್ನು ಹಂಚಿದರು. ಬಿಡುಗಡೆಗೆ ಮುನ್ನ ಸೈ-ಫೈ ವಾಹಿನಿಯಲ್ಲಿ ಸಾಕ್ಷ್ಯಚಿತ್ರದ ವೇಷದ ಕಾರ್ಯಕ್ರಮವೂ ಪ್ರಸಾರವಾಯಿತು. ಸಿನಿಮಾ ಮಾಹಿತಿಯ ದೊಡ್ಡ ಜಾಲತಾಣದಲ್ಲಿ ಆ ಮೂವರು ನಟರನ್ನು ಕೆಲಕಾಲ ‘ಕಾಣೆಯಾದವರು, ಸತ್ತಿರಬಹುದಾದವರು’ ಎಂದು ನಮೂದಿಸಲಾಗಿತ್ತು.

1999ರಲ್ಲಿ ಒಂದು ಮಾತು ಸುಳ್ಳೋ ನಿಜವೋ ಎಂದು ಮೊಬೈಲಿನಲ್ಲಿ ತಕ್ಷಣ ಹುಡುಕಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಜಾಲತಾಣ ನೋಡಿದವರು ಅಲ್ಪಸಂಖ್ಯಾತರು, ಅವರಿಂದ ಬಾಯಿಮಾತಿನಲ್ಲಿ ಕೇಳಿದವರು ಬಹುಸಂಖ್ಯಾತರು. ಜುಲೈ ಮಧ್ಯದಲ್ಲಿ ಕೇವಲ 27 ಚಿತ್ರಮಂದಿರಗಳಲ್ಲಿ ಬಂದ ಚಿತ್ರ ತಿಂಗಳ ಕೊನೆಗೆ ಸಾವಿರಕ್ಕೂ ಹೆಚ್ಚು ಕಡೆ ಓಡುತ್ತಿತ್ತು. ಪ್ರಪಂಚದಾದ್ಯಂತ ಒಟ್ಟು ಗಳಿಕೆ ಸುಮಾರು 24.8 ಕೋಟಿ ಡಾಲರ್.

ಇಲ್ಲಿ ನಮ್ಮ ಜಾನಪದ ತರಗತಿಯಲ್ಲಿ ಕಲಿತ ಒಂದು ಭೇದ ಕೆಲಸಕ್ಕೆ ಬರ್ತದೆ. ಅಜ್ಜಿಕತೆಯನ್ನು ಯಾರೂ ನಿಜವೆಂದು ಹೇಳುವುದಿಲ್ಲ, ‘ಒಂದಾನೊಂದು ಊರಲ್ಲಿ’ ಎಂದ ಕೂಡಲೇ ಕೇಳುವವರಿಗೆ ಗೊತ್ತಾಗುತ್ತದೆ. ಐತಿಹ್ಯದ ದಾರಿ ಬೇರೆ. ಅದಕ್ಕೆ ಜಾಗ ಬೇಕು, ಹೆಸರು ಬೇಕು, ಕಂಡವರು ಬೇಕು. ನಮ್ಮ ಕಡೆ ಹಾಲೆಮರದ ಯಕ್ಷಿಯ ಕತೆ ಹೇಳುವವರು ಯಾವ ತಿರುವಿನ ಯಾವ ಮರ ಎಂದು ತೋರಿಸಿಯೇ ಹೇಳುತ್ತಾರೆ. ತುಳುವಿನಲ್ಲಿ ‘ಕುಲೆ’ ಕಂಡ ಕತೆ ಹೇಳುವವರೂ ಅಷ್ಟೇ, ಕಂಡವನು ತನ್ನ ಚಿಕ್ಕಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದವನು ಎನ್ನುತ್ತಾರೆ. ಮಲಯಾಳದಲ್ಲಿ ಕೊಟ್ಟಾರತ್ತಿಲ್ ಶಂಕುಣ್ಣಿಯವರು ಇಂಥ ಕತೆಗಳನ್ನು ಸಂಗ್ರಹಿಸಿ ‘ಐತಿಹ್ಯಮಾಲ’ ಎಂದೇ ಹೆಸರಿಟ್ಟರು. ಬ್ಲೇರ್ ವಿಚ್ ಮಾಡಿದ್ದು ಇಷ್ಟೇ: ಸಿನಿಮಾ ಕತೆಯನ್ನು ಅಜ್ಜಿಕತೆಯ ಸಾಲಿನಿಂದ ಎತ್ತಿ ಐತಿಹ್ಯದ ಸಾಲಿಗೆ ಸೇರಿಸಿತು. ಆ ಮಾಟಗಾತಿಯ ಐತಿಹ್ಯವೂ ನಿರ್ದೇಶಕರೇ ಕಟ್ಟಿದ್ದು, ಆದರೆ ಬರ್ಕಿಟ್ಸ್‌ವಿಲ್ ಮಾತ್ರ ನಿಜವಾದ ಊರು. ಅಭಿಮಾನಿಗಳು ಹುಡುಕಿಕೊಂಡು ಬಂದು ಊರಿನ ಹೆಸರಿನ ಫಲಕಗಳನ್ನೇ ಕದ್ದೊಯ್ದರು. ಆ ಪುಟ್ಟ ಊರಿಗೆ ಅದು ದೊಡ್ಡ ತಲೆನೋವಾಯಿತು.

3. ವಿಮರ್ಶಕರು ಒಂದು ಕಡೆ, ನೋಡುಗರು ಒಂದು ಕಡೆ

ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ರೋಜರ್ ಎಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟರು. ನಮ್ಮನ್ನು ನಿಜಕ್ಕೂ ಹೆದರಿಸುವುದು ಕಣ್ಣಿಗೆ ಕಾಣದ ಸಂಗತಿ ಎಂಬುದನ್ನು ಈ ಚಿತ್ರ ಮತ್ತೆ ನೆನಪಿಸಿತು ಎಂಬುದು ಅವರ ಮಾತಿನ ಸಾರ. ಕಾನ್ ಚಿತ್ರೋತ್ಸವದಲ್ಲಿ ಯುವ ಪ್ರಶಸ್ತಿ ಬಂತು. ಕಡಿಮೆ ಖರ್ಚಿನ ಮೊದಲ ಚಿತ್ರಗಳಿಗೆ ಕೊಡುವ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಯೂ ಬಂತು. ಮೆಚ್ಚದವರೂ ಇದ್ದರು. ಹಿರಿಯ ವಿಮರ್ಶಕ ಆಂಡ್ರೂ ಸ್ಯಾರಿಸ್ ಇದನ್ನು ಸಂಡಾನ್ಸ್ ಸುತ್ತಲಿನ ಅಬ್ಬರದ ವಂಚನೆ ಎಂಬ ಅರ್ಥದಲ್ಲಿ ಝಾಡಿಸಿದರು.

ಸಾಮಾನ್ಯ ನೋಡುಗರ ಅಂಕ ಬೇರೆಯೇ ಇತ್ತು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕರನ್ನೇ ಕೇಳಿ ‘ಎ ಪ್ಲಸ್’ನಿಂದ ‘ಎಫ್’ವರೆಗೆ ದರ್ಜೆ ಕೊಡುತ್ತದೆ. ಬ್ಲೇರ್ ವಿಚ್‌ಗೆ ಸಿಕ್ಕಿದ್ದು ‘ಸಿ ಪ್ಲಸ್’. ಕ್ಯಾಮೆರಾ ಅಲ್ಲಾಡಿ ಅಲ್ಲಾಡಿ ಕೆಲವರಿಗೆ ಚಿತ್ರಮಂದಿರದಲ್ಲೇ ತಲೆಸುತ್ತು ಬಂತು, ವಾಂತಿಯೂ ಆಯಿತು. ವರ್ಷದ ಕೆಟ್ಟ ಚಿತ್ರಗಳನ್ನು ಗೇಲಿ ಮಾಡುವ ರಾಝಿ ಪ್ರಶಸ್ತಿಯವರು ಇದನ್ನು ಅತ್ಯಂತ ಕೆಟ್ಟ ಚಿತ್ರದ ಪಟ್ಟಿಗೂ ಸೇರಿಸಿದರು.

ಇದನ್ನು ‘ವಿಮರ್ಶಕರಿಗೆ ಬುದ್ಧಿ ಉಂಟು, ಜನರಿಗೆ ಇಲ್ಲ’ ಎಂದು ವಿವರಿಸುವುದು ಸುಲಭ. ನಾನು ಒಪ್ಪುವುದಿಲ್ಲ. ಮೂರು ಕಾರಣ ಕೊಡ್ತೇನೆ.

ಮೊದಲನೆಯದು, ಯಾರು ಯಾವಾಗ ನೋಡಿದರು ಎಂಬುದು. ಸಂಡಾನ್ಸ್‌ನ ಮಧ್ಯರಾತ್ರಿ ನೋಡಿದವರಿಗೆ ಯಾವ ನಿರೀಕ್ಷೆಯೂ ಇರಲಿಲ್ಲ. ಆಗಸ್ಟಿನಲ್ಲಿ ಊರೂರಲ್ಲಿ ನೋಡಿದವರು ಅದಾಗಲೇ ಮ್ಯಾಗಜಿನ್‌ಗಳ ಮುಖಪುಟದಲ್ಲಿ ‘ಭಯಂಕರ’ ಎಂಬ ಸುದ್ದಿ ಓದಿ ಬಂದಿದ್ದರು. ಒಂದು ಪುಟ್ಟ ಚಿತ್ರ ತಾನು ಹೊರಲಾರದ ಹೊಗಳಿಕೆಯನ್ನು ಹೊತ್ತುಕೊಂಡು ಬಂತು.

ಎರಡನೆಯದು, ಕೊನೆಯ ದೃಶ್ಯ. ಚಿತ್ರದ ಶುರುವಿನಲ್ಲಿ ಊರವನೊಬ್ಬ ಹಳೆಯ ಕೊಲೆಗಾರನ ಕತೆ ಹೇಳ್ತಾನೆ. ಆತ ಮಕ್ಕಳನ್ನು ಇಬ್ಬಿಬ್ಬರಾಗಿ ನೆಲಮಾಳಿಗೆಗೆ ಕರೆದೊಯ್ದು, ಒಬ್ಬನನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸಿ ಇನ್ನೊಬ್ಬನನ್ನು ಕೊಲ್ಲುತ್ತಿದ್ದ. ಕೊನೆಯ ಚೌಕಟ್ಟಿನಲ್ಲಿ ಮೈಕಲ್ ಒಂದು ಪಾಳುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ, ಅಷ್ಟೇ. ಶುರುವಿನ ಆ ಮಾತು ಕಿವಿಗೆ ಬಿದ್ದವರಿಗೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಆಗ ಪಾಪ್‌ಕಾರ್ನ್ ತರಲು ಹೋದವರಿಗೆ ಒಬ್ಬ ಹುಡುಗ ಗೋಡೆ ನೋಡ್ತಾ ನಿಂತದ್ದು ಮಾತ್ರ ಕಾಣುತ್ತದೆ. ಅಂದರೆ ಚಿತ್ರದ ಅತಿ ದೊಡ್ಡ ಭಯ ಕಣ್ಣಿನದ್ದಲ್ಲ, ನೆನಪಿನದ್ದು. ನಮ್ಮ ಗೆಳತಿಯರು ‘ಒನ್ನುಮಿಲ್ಲ’ ಎಂದದ್ದರಲ್ಲಿ ಸುಳ್ಳಿಲ್ಲ. ಅವರು ಆ ಭಾಗ ಬರುವಾಗ ಚಹಾ ಮಾಡ್ತಾ ಇದ್ದರು.

ಮೂರನೆಯದೇ ನನಗೆ ಮುಖ್ಯ. ನಿಜವೆಂದು ನಂಬಿ ಹೋದವರಿಗೆ ಸತ್ಯ ತಿಳಿದ ಮೇಲೆ ಮೋಸಹೋದ ಸಿಟ್ಟು ಬಂತು. ಸುಳ್ಳೆಂದು ಗೊತ್ತಿದ್ದು ಹೋದವರಿಗೆ ಅಲ್ಲಾಡುವ ಕ್ಯಾಮೆರಾ, ಮರಗಳು, ಜಗಳ ಬಿಟ್ಟು ಬೇರೇನೂ ಸಿಗಲಿಲ್ಲ. ಚಿತ್ರ ಪೂರ್ತಿ ಕೆಲಸ ಮಾಡಿದ್ದು ಈ ಎರಡರ ನಡುವಿನವರ ಮೇಲೆ: ಇದು ಸುಳ್ಳೇ ಇರಬೇಕು, ಆದರೂ ಎಲ್ಲಾದರೂ ನಿಜವಾದರೆ ಎಂದುಕೊಂಡವರ ಮೇಲೆ. ಹಾಲೆಮರದ ಕೆಳಗೆ ರಾತ್ರಿ ನಡೆಯುವಾಗ ನಮ್ಮಲ್ಲಿ ಎಷ್ಟೋ ಜನರ ಸ್ಥಿತಿ ಇದೇ. ನಂಬಿಕೆ ಇಲ್ಲ, ಆದರೆ ಹೆಜ್ಜೆ ಜೋರಾಗುತ್ತದೆ.

4. ಸುಳ್ಳಿನ ಬೆಲೆ ತೆತ್ತವರು

ಇಲ್ಲಿಯವರೆಗೆ ನಾನು ನೋಡುಗರ ಕಡೆಯಿಂದ ಮಾತಾಡಿದೆ. ಈಗ ನಟರ ಕಡೆ ಬರೋಣ.

ಚಿತ್ರ ನಿಜವೆನಿಸಬೇಕಾದರೆ ನಟರು ನಟರಾಗಿ ಕಾಣಬಾರದು. ಆದ್ದರಿಂದ ಬಿಡುಗಡೆಯ ಸಮಯದಲ್ಲಿ ಅವರನ್ನು ಮುಂದೆ ತರಲಿಲ್ಲ. ಹೆಸರು ಮಾಡುವ ಹೊತ್ತಿನಲ್ಲಿ ಅವರು ‘ಸತ್ತವರು’. ಹೆದರ್ ಡೊನಹ್ಯೂ ಅವರ ತಾಯಿಗೆ ಸಂತಾಪದ ಪತ್ರಗಳು ಬಂದವು. ನನ್ನ ಗೆಳತಿ ಆ ಬೆಳಗ್ಗೆ ಕೇಳಿದ ಪ್ರಶ್ನೆಯನ್ನು ಅಮೆರಿಕದಲ್ಲಿ ಬಹಳ ಜನ ನಿಜವಾಗಿಯೇ ಕೇಳಿದ್ದರು.

ಟಾರ್ಚಿನ ಬೆಳಕಿನಲ್ಲಿ ಅರ್ಧ ಮುಖ ಮಾತ್ರ ಕಾಣುವಂತೆ ಕ್ಯಾಮೆರಾ ಹಿಡಿದು, ಮೂಗು ಸೋರುತ್ತಾ, ಎಲ್ಲರ ತಾಯಂದಿರ ಹತ್ತಿರ ಕ್ಷಮೆ ಕೇಳುವ ದೃಶ್ಯ ಇವತ್ತಿಗೂ ಚಿತ್ರದ ಗುರುತು. ಅಲ್ಲಿ ಹೆದರ್ ಆಡಿದ ಮಾತುಗಳು ಯಾರೋ ಬರೆದುಕೊಟ್ಟವಲ್ಲ. ಆ ದೃಶ್ಯವನ್ನು ಅಣಕಿಸದ ಹಾಸ್ಯಚಿತ್ರ ಇಲ್ಲ ಅನ್ನುವಷ್ಟು ಅಣಕ ಆಯಿತು. ಆ ವರ್ಷದ ರಾಝಿಯಲ್ಲಿ ‘ಅತ್ಯಂತ ಕೆಟ್ಟ ನಟಿ’ ಎಂಬ ಪಟ್ಟವನ್ನು ಅವರಿಗೇ ಕಟ್ಟಿದರು.

ಇದರ ವಿಚಿತ್ರವನ್ನು ಸ್ವಲ್ಪ ಯೋಚಿಸಿ ನೋಡಿ. ಒಂದು ಕಡೆ ಜನ ಅವಳು ನಿಜವಾಗಿ ಸತ್ತಳೆಂದು ನಂಬಿದರು. ಇನ್ನೊಂದು ಕಡೆ ಅವಳಿಗೆ ನಟಿಸಲು ಬರುವುದಿಲ್ಲ ಎಂದರು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯ ಇಲ್ಲ. ಚಂದ ಕಾಣದೆ, ಕಿರುಚುತ್ತಾ, ಹಠ ಮಾಡುತ್ತಾ, ಹುಡುಗರಿಗೆ ಆಜ್ಞೆ ಮಾಡುವ ಹುಡುಗಿಯನ್ನು ತೆರೆಯ ಮೇಲೆ ನೋಡಿ ಅಭ್ಯಾಸವಿಲ್ಲದವರ ಅಸಹನೆ ಆ ಪಟ್ಟದಲ್ಲಿ ಸೇರಿತ್ತು ಎಂದು ನನಗನಿಸುತ್ತದೆ. ಅವರು ಮುಂದೆ ನಟನೆ ಬಿಟ್ಟರು, ಹೆಸರನ್ನೂ ಬದಲಿಸಿಕೊಂಡರು. ಈಗ ಅವರ ಹೆಸರು ರೇ ಹ್ಯಾನ್ಸ್.

ಹಣದ ಕತೆಯೂ ಉಂಟು. ಚಿತ್ರ ಗಳಿಸಿದ ಮೊತ್ತಕ್ಕೂ ಮೂವರಿಗೆ ಬಂದ ಪಾಲಿಗೂ ತಾಳೆಯೇ ಇರಲಿಲ್ಲ. ತಮ್ಮ ಸ್ವಂತ ಹೆಸರುಗಳೇ ಪಾತ್ರದ ಹೆಸರುಗಳಾದ್ದರಿಂದ ಅವುಗಳ ಬಳಕೆಯ ಬಗ್ಗೆ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲಿನಲ್ಲಿ ಹೊಸ ಬ್ಲೇರ್ ವಿಚ್ ಚಿತ್ರದ ಘೋಷಣೆ ಆದಾಗ ಮೂವರೂ ಸೇರಿ ಈಗಿನ ಹಕ್ಕುದಾರ ಸಂಸ್ಥೆ ಲಯನ್ಸ್‌ಗೇಟ್‌ಗೆ ಬಹಿರಂಗ ಪತ್ರ ಬರೆದರು. ಹಿಂದಿನ ಮತ್ತು ಮುಂದಿನ ಗಳಿಕೆಯಲ್ಲಿ ನ್ಯಾಯವಾದ ಪಾಲು ಕೊಡಿ, ನಮ್ಮ ಹೆಸರು-ಮುಖ ಬಳಸುವಾಗ ನಮ್ಮನ್ನು ಕೇಳಿ ಎಂದರು. ಮೂರನೆಯ ಬೇಡಿಕೆ ನನಗೆ ಬಹಳ ಹಿಡಿಸಿತು: ಮೂಲ ಚಿತ್ರದ ಬಜೆಟ್ಟಿನಷ್ಟೇ, ಅಂದರೆ 60,000 ಡಾಲರನ್ನು ವರ್ಷ ವರ್ಷ ಒಬ್ಬ ಹೊಸ ನಿರ್ದೇಶಕರಿಗೆ ಮೊದಲ ಚಿತ್ರ ಮಾಡಲು ಕೊಡಿ ಎಂಬುದು. ಮೂಲ ಚಿತ್ರದ ನಿರ್ದೇಶಕರೂ ನಿರ್ಮಾಪಕರೂ ನಟರ ಪರ ನಿಂತರು.

ಹಾಗಾಗಿ ‘ಕಡಿಮೆ ಬಜೆಟ್’ ಎಂಬ ಮಾತನ್ನು ನಾವು ವಿದ್ಯಾರ್ಥಿಗಳು ಬರೀ ಹೊಗಳಿಕೆಯಾಗಿ ಬಳಸಬಾರದು. ಬಜೆಟ್ ಕಡಿಮೆಯಾದಾಗ ಉಳಿದದ್ದನ್ನು ಯಾರೋ ಮೈಯಿಂದ ತೆತ್ತಿರುತ್ತಾರೆ. ಇಲ್ಲಿ ಹಸಿವು, ನಿದ್ದೆಗೇಡು, ಹೆಸರು ಮೂರನ್ನೂ ನಟರು ತೆತ್ತರು.

5. ಕನ್ನಡಕ್ಕೆ ಬಂದಾಗ

ಈ ಮಾದರಿ ಕನ್ನಡಕ್ಕೂ ಬಂತು. 2013ರ ನವೆಂಬರಿನಲ್ಲಿ ಬಿಡುಗಡೆಯಾದ ಕೆ. ಎಸ್. ಅಶೋಕ ಅವರ ‘6-5=2’ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಚಾರಣಕ್ಕೆ ಹೋದ ಆರು ಗೆಳೆಯರು, ಕಾಡು, ಆಮೇಲೆ ಸಿಕ್ಕಿದ ಕ್ಯಾಮೆರಾ. ಹೆಸರಾಂತ ತಾರೆಯರಿಲ್ಲದ ಪುಟ್ಟ ಚಿತ್ರ, ಬಾಯಿಮಾತಿನಿಂದಲೇ ಗೆದ್ದಿತು. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ಇಲ್ಲೂ ಜನ ‘ಇದು ನಿಜವಾ?’ ಎಂದು ಕೇಳಿದರು. ಬ್ಲೇರ್ ವಿಚ್‌ಗಿಂತ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಅಮೆರಿಕದ ಚಿತ್ರ ಮಾಟಗಾತಿಯ ಐತಿಹ್ಯವನ್ನು ಮೊದಲು ಕಟ್ಟಿ ಆಮೇಲೆ ಹೆದರಿಸಬೇಕಾಯಿತು. ಕನ್ನಡದ ನೋಡುಗರ ಮನಸ್ಸಿನಲ್ಲಿ ಘಟ್ಟದ ಕಾಡು, ಮರಕ್ಕೆ ಕಟ್ಟಿದ ಹರಕೆ, ಮುಟ್ಟಬಾರದ್ದನ್ನು ಮುಟ್ಟಿದ ಭಯ ಮೊದಲೇ ಇದ್ದವು. ಜಾಲತಾಣದ ಕೆಲಸವನ್ನು ನಮ್ಮ ಅಜ್ಜಿಯಂದಿರು ಮುಂಚೆಯೇ ಮಾಡಿ ಮುಗಿಸಿದ್ದರು.

6. ಚರ್ಚೆಯಿಂದ

ಹೊಸೂರಿನ ಗೆಳೆಯರೊಬ್ಬರು, ‘ಹಾಗಾದರೆ ಆ ಸುಳ್ಳು ತಪ್ಪಾ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಯಕ್ಷಿ ಕತೆ ಹೇಳುವ ಅಜ್ಜಿಯೂ ಸುಳ್ಳೇ ಹೇಳುತ್ತಾರೆ, ಆದರೆ ಕೇಳಿದ ಮಗು ಹೆದರಿ ಅತ್ತರೆ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾರೆ. ಹೆದರಿಸಿದವರು ಹೆದರಿದವರ ಜೊತೆ ಉಳಿಯುತ್ತಾರೆ. ಆ ಜವಾಬ್ದಾರಿ ಇದ್ದರೆ ಸುಳ್ಳು ಆಟವಾಗುತ್ತದೆ, ಇಲ್ಲದಿದ್ದರೆ ಮೋಸವಾಗುತ್ತದೆ. ಬ್ಲೇರ್ ವಿಚ್ ನೋಡುಗರ ಜೊತೆ ಆಡಿದ್ದನ್ನು ನಾನು ಆಟ ಎಂದೇ ಹೇಳ್ತೇನೆ. ನಟರ ಜೊತೆ ನಡೆದದ್ದನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅಕ್ಕಲಕೋಟೆಯ ಅಕ್ಕ ಒಬ್ಬರು, ‘ಈಗ ಎಲ್ಲ ಗೊತ್ತಿದ್ದು ನೋಡಿದರೆ ಹೆದರಿಕೆ ಆಗ್ತದೇನು?’ ಎಂದು ಕೇಳಿದರು. ಈ ಪ್ರಬಂಧಕ್ಕಾಗಿ ನಾನು ಮತ್ತೆ ಒಬ್ಬಳೇ ನೋಡಿದೆ. ಮಾಟಗಾತಿಯ ಭಯ ಆಗಲಿಲ್ಲ. ಆದರೆ ಮೂವರು ಒಬ್ಬರಿಗೊಬ್ಬರು ದಾರಿ ತಪ್ಪಿಸಿದಿರೆಂದು ದೂರುತ್ತಾ, ಇಡೀ ದಿನ ನಡೆದು ಸಂಜೆ ಮತ್ತೆ ಅದೇ ಹೊಳೆಯ ದಾಟಿಗೆ ಬಂದು ನಿಲ್ಲುವಾಗ ಹೊಟ್ಟೆಯೊಳಗೆ ಏನೋ ಆಯಿತು. ಅದಕ್ಕೆ ದೆವ್ವ ಬೇಕಾಗಿಲ್ಲ.

ನನ್ನ ಗೆಳತಿಗೂ ಈ ಪ್ರಬಂಧದ ಕರಡು ತೋರಿಸಿದೆ. ರೇ ಹ್ಯಾನ್ಸ್ ಅವರ ಭಾಗ ಓದಿ ಅವಳು, ‘ನಾನು ಆವತ್ತು ಕೆಟ್ಟ ಸಿನಿಮಾ ಎಂದದ್ದು ನಿನ್ನ ಮೇಲಿನ ಸಿಟ್ಟಿಗೆ, ಅವಳು ಚೆನ್ನಾಗಿ ಮಾಡಿದ್ದಾಳೆ’ ಎಂದಳು. ಇಪ್ಪತ್ತೈದು ವರ್ಷ ತಡವಾಗಿ ಬಂದ ವಿಮರ್ಶೆ. ಆದರೂ ದಾಖಲೆಯಲ್ಲಿ ಇರಲಿ ಎಂದು ಇಲ್ಲಿ ಸೇರಿಸಿದ್ದೇನೆ.

ಕರೆಂಟು ಕೂಡ ಕೊನೆತನಕ ಉಳಿಯಿತು.